ಜಗಜಟ್ಟಿ ಗಾಮಾ ಮತ್ತು ಬೆನ್ನಿಗೆ ನಿಂತ ತಮ್ಮ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಯದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಸಾಲ, ಷೇರು, ಗೊಬ್ಬರ, ಬಿತ್ತನೆ ಬೀಜ ಇವುಗಳ ವಿಚಾರವನ್ನು ಬಲ್ಲವರು ಬೇರೆ ಪುಟಗಳಲ್ಲಿ ಬರೆಯುತ್ತಾರೆ. ನಾವು ಸ್ವಲ್ಪ ಬೇರೆ ದಾರಿ ಹಿಡಿದು, ಸತ್ತು ಅರವತ್ತು ವರ್ಷ ಮೇಲಾದರೂ ಜನರ ಬಾಯಲ್ಲಿ ಇನ್ನೂ ಬದುಕಿರುವ ಒಬ್ಬ ಪೈಲ್ವಾನರ ಜೀವನ ಚರಿತ್ರೆಯನ್ನು ತಮ್ಮ ಮುಂದೆ ಇಡುತ್ತಿದ್ದೇವೆ. ಅವರೇ ಗಾಮಾ ಪೈಲ್ವಾನರು.

ನಮ್ಮ ಶಾಗ್ಯದಲ್ಲಾಗಲಿ, ಹನೂರು, ಕೊಳ್ಳೇಗಾಲದ ಕಡೆ ಆಗಲಿ ಈ ಹೆಸರು ಕೇಳದ ಹಿರಿಯರು ಕಡಿಮೆ. ನಾವು ಚಿಕ್ಕವರಾಗಿದ್ದಾಗ ಯಾರಾದರೂ ಹುಡುಗ ತೋಳು ತಿರುಗಿಸಿಕೊಂಡು ಎದೆ ಮುಂದೆ ಮಾಡಿ ನಡೆದರೆ, ಇವನೇನು ದೊಡ್ಡ ಗಾಮಾನಾ ಅಂತ ದೊಡ್ಡವರು ಗದರುತ್ತಿದ್ದರು. ಗಾಮಾ ಯಾರು, ಯಾವ ಊರು, ಏನು ಮಾಡಿದರು ಎಂದು ಕೇಳಿದರೆ ಮಾತ್ರ ಗದರಿದವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹೆಸರು ಉಳಿದು ಕಥೆ ಮರೆತುಹೋಗಿತ್ತು. ಆ ಕಥೆಯನ್ನು ತಿಳಿದಷ್ಟು ಹೇಳುವುದು ನಮ್ಮ ಉದ್ದೇಶ.

ಜೋಡಿ ಎಂಬ ಮಾತು

ಕುಸ್ತಿಯಲ್ಲಿ ಜೋಡಿ ಎಂಬ ಮಾತಿಗೆ ನಮ್ಮ ಕಡೆ ಒಂದು ವಿಶೇಷ ಅರ್ಥವಿದೆ. ಮೈಸೂರು ದಸರಾಕ್ಕೆ ಮುಂಚೆ ಪೈಲ್ವಾನರನ್ನು ಕರೆಸಿ, ತೂಕ, ವಯಸ್ಸು, ಅನುಭವ ನೋಡಿ, ಯಾರ ಎದುರು ಯಾರು ಎಂದು ಗೊತ್ತು ಮಾಡುತ್ತಾರೆ. ಅದಕ್ಕೆ ಜೋಡಿ ಕಟ್ಟುವುದು ಎನ್ನುತ್ತಾರೆ. ಅಂದರೆ ಇಲ್ಲಿ ಜೋಡಿ ಎಂದರೆ ಎದುರಾಳಿ. ದೊಡ್ಡಕೆರೆ ಮೈದಾನದ ಕುಸ್ತಿ ಅಖಾಡದಲ್ಲಿ ದಸರಾ ಕುಸ್ತಿ ನೋಡಿ ಬಂದವರಿಗೆಲ್ಲ ಇದು ಗೊತ್ತಿರುವ ಸಂಗತಿ.

ಈಗ ಟೀವಿಯಲ್ಲಿ ನಮ್ಮ ಮಕ್ಕಳು ನೋಡುವ ಕುಸ್ತಿಯಲ್ಲಿ ಜೋಡಿ ಎಂದರೆ ಬೇರೆ. ಒಂದು ಕಡೆ ಇಬ್ಬರು, ಇನ್ನೊಂದು ಕಡೆ ಇಬ್ಬರು. ಒಬ್ಬ ಒಳಗೆ ಕಾದಾಡುತ್ತಾನೆ, ಅವನ ಜೊತೆಗಾರ ಹಗ್ಗದ ಆಚೆ ಕಾಯುತ್ತಾ ನಿಲ್ಲುತ್ತಾನೆ. ಒಳಗಿದ್ದವನು ಸುಸ್ತಾದಾಗ ಕೈ ಚಾಚಿ ಹೊರಗಿದ್ದವನ ಕೈ ಮುಟ್ಟಿದರೆ ಅವನು ಒಳಗೆ ಬರುತ್ತಾನೆ. ಟ್ಯಾಗ್ ಟೀಮ್ ಎಂದು ಅದಕ್ಕೆ ಹೆಸರು. ಇಲ್ಲಿ ಜೋಡಿ ಎಂದರೆ ಜೊತೆಗಾರ.

ಗಾಮಾ ಅವರದು ಕೆಮ್ಮಣ್ಣಿನ ಮಟ್ಟಿಯಲ್ಲಿ ಒಬ್ಬರಿಗೊಬ್ಬರು ಹಿಡಿಯುವ ಹಳೆಯ ಕುಸ್ತಿ. ಅಲ್ಲಿ ಕೈ ಚಾಚಿದರೆ ಮುಟ್ಟಲು ಯಾರೂ ಇರುವುದಿಲ್ಲ. ಆದರೂ ಅವರ ಜೀವನ ಓದಿದಾಗ ನಮಗೆ ಅನ್ನಿಸಿದ್ದು ಏನೆಂದರೆ, ಆ ಮನುಷ್ಯ ಎಂದೂ ಒಂಟಿಯಾಗಿ ಅಖಾಡಕ್ಕೆ ಇಳಿಯಲಿಲ್ಲ. ಅವರ ಹಿಂದೆ ಒಬ್ಬ ತಮ್ಮ ನಿಂತಿದ್ದ. ಅವನ ಹೆಸರು ಇಮಾಂ ಬಕ್ಷ್. ಈ ಅಣ್ಣತಮ್ಮಂದಿರ ಜೋಡಿಯನ್ನು ಬಿಟ್ಟು ಗಾಮಾ ಅವರ ಕಥೆ ಹೇಳಲು ಬರುವುದಿಲ್ಲ.

ತಂದೆಯಿಲ್ಲದ ಮಕ್ಕಳು

ಗಾಮಾ ಅವರ ಪೂರ್ತಿ ಹೆಸರು ಗುಲಾಮ್ ಮಹಮ್ಮದ್ ಬಕ್ಷ್. ಹುಟ್ಟಿದ್ದು 1878ರಲ್ಲಿ. ಮನೆತನ ಪಂಜಾಬಿನ ಅಮೃತಸರ ಸೀಮೆಯದು. ಮೂಲ ಕಾಶ್ಮೀರದಿಂದ ಬಂದವರು. ಮನೆಯಲ್ಲಿ ಕುಸ್ತಿಯೇ ಕುಲಕಸುಬು. ನಮ್ಮಲ್ಲಿ ಒಕ್ಕಲು ಮಕ್ಕಳು ನಡೆಯಲು ಕಲಿಯುವಾಗಲೇ ನೇಗಿಲ ಹಿಂದೆ ಹೋಗುವ ಹಾಗೆ, ಆ ಮನೆಯಲ್ಲಿ ಮಕ್ಕಳು ಅಖಾಡದ ಮಣ್ಣಿನಲ್ಲೇ ಆಡಿ ಬೆಳೆಯುತ್ತಿದ್ದರು. ತಂದೆ ಅಜೀಜ್ ಬಕ್ಷ್ ಹೆಸರಾದ ಪೈಲ್ವಾನರು.

ಆದರೆ ಹುಡುಗನಿಗೆ ಆರು ವರ್ಷ ಆಗುವ ಹೊತ್ತಿಗೆ ತಂದೆ ತೀರಿಕೊಂಡರು. ಮನೆಯ ಕಂಬವೇ ಬಿದ್ದಂತಾಯಿತು. ತಾಯಿಯ ತಂದೆ ನೂನ್ ಪೈಲ್ವಾನರು ಮಕ್ಕಳನ್ನು ನೋಡಿಕೊಂಡರು. ಅವರೂ ಹೆಚ್ಚು ದಿವಸ ಉಳಿಯಲಿಲ್ಲ. ಆಮೇಲೆ ಸೋದರಮಾವ ಈದಾ ಪೈಲ್ವಾನರು ಮುಂದೆ ಬಂದು ಹೊಣೆ ಹೊತ್ತುಕೊಂಡರು. ತಂದೆ ಕಂಡ ಕನಸನ್ನು ಈ ಹುಡುಗನಲ್ಲಿ ನಡೆಸಿಯೇ ತೀರಬೇಕು ಎಂಬ ಛಲ ಮಾವನಿಗೆ ಇತ್ತು. ಸೋದರಮಾವ ನಿಂತರೆ ತಂದೆ ನಿಂತ ಹಾಗೆ ಎಂಬುದು ನಮ್ಮ ಕಡೆಯೂ ಇರುವ ನಂಬಿಕೆ ತಾನೇ. ಗಾಮಾ ಅವರ ಬದುಕಿನಲ್ಲಿ ಅದು ಅಕ್ಷರಶಃ ನಿಜವಾಯಿತು.

ಜೋಧಪುರದ ಬಸ್ಕಿ

1888ರಲ್ಲಿ ಜೋಧಪುರದ ಮಹಾರಾಜರು ಒಂದು ದೊಡ್ಡ ಸ್ಪರ್ಧೆ ಏರ್ಪಡಿಸಿದರು. ಅದು ಕುಸ್ತಿಯ ಪಂದ್ಯ ಅಲ್ಲ, ಅಂಗಸಾಧನೆಯ ಪಂದ್ಯ. ಯಾರು ಹೆಚ್ಚು ಬಸ್ಕಿ ಹೊಡೆಯುತ್ತಾರೋ ಅವರು ಗೆದ್ದ ಹಾಗೆ. ದೇಶದ ನಾನಾ ಕಡೆಯಿಂದ ನಾನೂರಕ್ಕೂ ಮೇಲ್ಪಟ್ಟು ಪೈಲ್ವಾನರು ಬಂದಿದ್ದರು. ಅವರ ನಡುವೆ ಹತ್ತು ವರ್ಷದ ಗಾಮಾನೂ ಹೋಗಿ ನಿಂತ. ನೋಡಿದವರು ನಕ್ಕಿರಬೇಕು. ಜಾತ್ರೆಯಲ್ಲಿ ಎತ್ತುಗಳ ಸಾಲಿನಲ್ಲಿ ಒಂದು ಎಳೆಗರು ನಿಂತ ಹಾಗೆ ಕಂಡಿರಬೇಕು.

ಬಸ್ಕಿ ಶುರುವಾಯಿತು. ಗಂಟೆಗಳು ಕಳೆದವು. ಒಬ್ಬೊಬ್ಬರೇ ತೊಡೆ ನಡುಗಿ ಕುಸಿದು ಪಕ್ಕಕ್ಕೆ ಸರಿದರು. ನೂರು ಜನ ಉಳಿದರು, ಆಮೇಲೆ ಐವತ್ತು, ಆಮೇಲೆ ಹದಿನೈದು. ಆ ಹದಿನೈದು ಜನರಲ್ಲಿ ಈ ಹುಡುಗ ಇನ್ನೂ ಎದ್ದು ಕೂತು ಮಾಡುತ್ತಲೇ ಇದ್ದ. ಮಹಾರಾಜರು ಅಲ್ಲಿಗೆ ಪಂದ್ಯ ನಿಲ್ಲಿಸಿ, ಇಷ್ಟು ಎಳೆಯ ವಯಸ್ಸಿನಲ್ಲಿ ಇಷ್ಟು ದಮ್ಮು ತೋರಿಸಿದ್ದಾನೆ ಎಂದು ಅವನನ್ನೇ ಗೆದ್ದವನೆಂದು ಸಾರಿದರು. ಗೆದ್ದ ಹುಡುಗ ಮಾತ್ರ ಅದಾದ ಮೇಲೆ ಒಂದು ವಾರ ಹಾಸಿಗೆ ಬಿಟ್ಟು ಏಳಲಾಗಲಿಲ್ಲವಂತೆ.

ಈ ಸುದ್ದಿ ಸಂಸ್ಥಾನಗಳಿಗೆಲ್ಲ ಹಬ್ಬಿತು. ಈಗ ಮಧ್ಯಪ್ರದೇಶದಲ್ಲಿರುವ ದತಿಯಾ ಸಂಸ್ಥಾನದ ಮಹಾರಾಜರು ಹುಡುಗನನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಆ ಕಾಲದಲ್ಲಿ ಪೈಲ್ವಾನನಿಗೆ ಅರಮನೆಯ ಆಶ್ರಯವಿಲ್ಲದೆ ಬದುಕೇ ಇರಲಿಲ್ಲ. ಆನೆ ಸಾಕುವ ಹಾಗೆ ಪೈಲ್ವಾನನನ್ನು ಸಾಕಬೇಕು. ಬಡವರ ಮನೆಯ ಒಲೆಯಿಂದ ಅವನ ಹೊಟ್ಟೆ ತುಂಬುವುದಿಲ್ಲ. ನಮ್ಮ ಮೈಸೂರಿನಲ್ಲೂ ಹಾಗೆಯೇ ಇತ್ತು. ರಣಧೀರ ಕಂಠೀರವರು ಸ್ವತಃ ದೊಡ್ಡ ಮಲ್ಲರು ಎಂದು ಹೆಸರಾದವರು. ಅರಮನೆಯ ನೆರಳಿನಲ್ಲೇ ಜಟ್ಟಿಗಳು, ಗರಡಿಗಳು ಬೆಳೆದವು. ನಮ್ಮ ಕೊಳ್ಳೇಗಾಲ ಸೀಮೆ 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರೂ ಕುಸ್ತಿಯ ಮಾತು ಬಂದಾಗ ನಮ್ಮವರ ಕಣ್ಣು ಮೈಸೂರಿನ ಕಡೆಗೇ ಇರುತ್ತಿತ್ತು.

ಸಾಮು ಮತ್ತು ಊಟ

ದತಿಯಾದಲ್ಲಿ ಗಾಮಾ ಅವರ ಸಾಧನೆ ಕ್ರಮವಾಗಿ ಬೆಳೆಯಿತು. ಹುಡುಗನಾಗಿದ್ದಾಗ ದಿವಸಕ್ಕೆ ಐನೂರು ಬಸ್ಕಿ, ಐನೂರು ದಂಡ ತೆಗೆಯುತ್ತಿದ್ದವರು ದೊಡ್ಡವರಾದ ಮೇಲೆ ಐದು ಸಾವಿರ ಬಸ್ಕಿ, ಮೂರು ಸಾವಿರ ದಂಡದವರೆಗೆ ಹೋದರು ಎಂದು ಹೇಳುತ್ತಾರೆ. ಅದರ ಮೇಲೆ ಅಖಾಡದ ಮಣ್ಣು ಅಗೆಯುವುದು, ಗದೆ ತಿರುಗಿಸುವುದು, ದಿವಸಕ್ಕೆ ಹತ್ತಾರು ಜನ ಪೈಲ್ವಾನರ ಜೊತೆ ಒಬ್ಬರಾದ ಮೇಲೆ ಒಬ್ಬರಂತೆ ಹಿಡಿಯುವುದು. ನಡುವೆ ತೂತಿರುವ ಒಂದು ದೊಡ್ಡ ಕಲ್ಲಿನ ಬಳೆಯನ್ನು ಕುತ್ತಿಗೆಗೆ ಹಾಕಿಕೊಂಡು ಬಸ್ಕಿ ಹೊಡೆಯುತ್ತಿದ್ದರು. ಅದರ ತೂಕ ಸುಮಾರು 95 ಕೆ.ಜಿ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಅದನ್ನು ಕಾಪಾಡಿ ಇಟ್ಟಿದ್ದಾರೆ. ಒಂದು ಕ್ವಿಂಟಾಲ್ ರಾಗಿ ಮೂಟೆಯನ್ನು ಕುತ್ತಿಗೆ ಮೇಲಿಟ್ಟುಕೊಂಡು ನೂರಾರು ಸಲ ಕೂತು ಏಳುವುದನ್ನು ಊಹಿಸಿಕೊಂಡರೆ ಅದರ ಕಷ್ಟ ತಿಳಿದೀತು. ಬರೋಡಾದ ವಸ್ತುಸಂಗ್ರಹಾಲಯದಲ್ಲಿ ಒಂದು ದೊಡ್ಡ ಕಲ್ಲಿದೆ. 1902ನೇ ಡಿಸೆಂಬರ್‌ನಲ್ಲಿ ಗಾಮಾ ಅವರು ಎತ್ತಿದ 1200 ಕೆ.ಜಿ. ಕಲ್ಲು ಇದೇ ಎಂದು ಅಲ್ಲಿ ಬರೆದಿದೆ.

ಇನ್ನು ಊಟದ ವಿಚಾರ. ಹಾಲು ಹತ್ತು ಲೀಟರ್, ತುಪ್ಪ ಅರ್ಧ ಲೀಟರ್, ಜೊತೆಗೆ ಅರೆದ ಬಾದಾಮಿ, ಹಣ್ಣಿನ ರಸ, ಮಾಂಸದ ಸಾರು. ಇದರ ಲೆಕ್ಕವನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಕೇಳಿದವರು ಬಾಯಿ ಮೇಲೆ ಬೆರಳಿಡಬಹುದು. ಆದರೆ ನಮ್ಮ ಡೈರಿಗೆ ಹಾಲು ಹಾಕುವ ಸದಸ್ಯರು ಒಮ್ಮೆ ಯೋಚಿಸಿ ನೋಡಬೇಕು. ಒಬ್ಬ ಮನುಷ್ಯನಿಗೆ ದಿವಸಕ್ಕೆ ಹತ್ತು ಲೀಟರ್ ಹಾಲು ಎಂದರೆ ಎಷ್ಟು ಹಸು ಕಟ್ಟಬೇಕು, ಎಷ್ಟು ಮೇವು ಹಾಕಬೇಕು, ಎಷ್ಟು ಜನ ದುಡಿಯಬೇಕು. ಪೈಲ್ವಾನನ ತೋಳಿನಲ್ಲಿ ಇರುವುದು ಅವನೊಬ್ಬನ ಶಕ್ತಿ ಅಲ್ಲ. ಹಾಲು ಕರೆದವರ, ತುಪ್ಪ ಕಾಸಿದವರ, ಬಾದಾಮಿ ಅರೆದವರ ಶಕ್ತಿಯೂ ಅದರಲ್ಲಿ ಸೇರಿರುತ್ತದೆ.

ಏಳು ಅಡಿಯ ಎದುರಾಳಿ

ಗಾಮಾ ಅವರ ಎತ್ತರ ಐದು ಅಡಿ ಏಳೆಂಟು ಅಂಗುಲ ಅಷ್ಟೇ. ನಮ್ಮ ಊರಿನ ಬೀದಿಯಲ್ಲಿ ನಡೆದು ಹೋದರೆ ಎತ್ತರದಿಂದ ಯಾರೂ ಗುರುತು ಹಿಡಿಯುವ ಹಾಗಿರಲಿಲ್ಲ. 1895ರಲ್ಲಿ, ಹದಿನೇಳು ವರ್ಷದವರಿದ್ದಾಗ, ಆ ಕಾಲದ ಅತಿ ದೊಡ್ಡ ಪೈಲ್ವಾನ್ ಗುಜ್ರಾನ್‌ವಾಲಾದ ರಹೀಂ ಬಕ್ಷ್ ಸುಲ್ತಾನಿವಾಲಾ ಅವರನ್ನು ಎದುರಿಸಿದರು. ರಹೀಂ ಬಕ್ಷ್ ಹೆಚ್ಚು ಕಡಿಮೆ ಏಳು ಅಡಿಯ ಆಳು, ವಯಸ್ಸಿನಲ್ಲೂ ಅನುಭವದಲ್ಲೂ ಬಹಳ ದೊಡ್ಡವರು. ಈ ಹುಡುಗ ಎಷ್ಟು ಹೊತ್ತು ನಿಂತಾನು ಎಂದು ಜನ ಲೆಕ್ಕ ಹಾಕಿದ್ದರು. ಗಂಟೆಗಟ್ಟಲೆ ನಡೆದ ಆ ಕುಸ್ತಿಯಲ್ಲಿ ಗಾಮಾ ಅವರ ಮೂಗಿನಿಂದ, ಕಿವಿಯಿಂದ ರಕ್ತ ಬಂತು, ಬೆನ್ನು ಮಾತ್ರ ಮಣ್ಣಿಗೆ ತಾಗಲಿಲ್ಲ. ಕೊನೆಗೆ ಸಮ ಎಂದು ತೀರ್ಪಾಯಿತು. ಸೋಲದೆ ಇದ್ದದ್ದೇ ಆವತ್ತು ಗೆಲುವಾಯಿತು.

ಅದಾದ ಮೇಲೆ ಹದಿನೈದು ವರ್ಷ ಗಾಮಾ ಅವರು ಸಂಸ್ಥಾನದಿಂದ ಸಂಸ್ಥಾನಕ್ಕೆ ಹೋಗಿ ದೊಡ್ಡ ದೊಡ್ಡ ಹೆಸರಿನ ಪೈಲ್ವಾನರನ್ನೆಲ್ಲ ಚಿತ್ ಮಾಡಿದರು. 1910ರ ಹೊತ್ತಿಗೆ ರಹೀಂ ಬಕ್ಷ್ ಒಬ್ಬರನ್ನು ಬಿಟ್ಟರೆ ಅವರ ಸರಿಸಮ ಎನ್ನುವವರು ಹಿಂದೂಸ್ಥಾನದಲ್ಲಿ ಉಳಿಯಲಿಲ್ಲ. ತಮ್ಮ ಇಮಾಂ ಬಕ್ಷ್ ಕೂಡಾ ಅಷ್ಟು ಹೊತ್ತಿಗೆ ಬಲಿತು ನಿಂತಿದ್ದರು. ಅವರು ಅಣ್ಣನಿಗಿಂತ ಎತ್ತರದ ಆಳು, ವರಸೆಯಲ್ಲಿ ಬಹಳ ಚುರುಕು.

ಲಂಡನ್ನಿನಲ್ಲಿ ಅಣ್ಣತಮ್ಮ

1910ರಲ್ಲಿ ಈ ಇಬ್ಬರೂ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಜೊತೆಯಲ್ಲಿ ಅಹಮದ್ ಬಕ್ಷ್, ಗಾಮು ಎಂಬ ಇನ್ನಿಬ್ಬರು ಪೈಲ್ವಾನರು. ಕರೆದುಕೊಂಡು ಹೋದವರು ಬೆಂಜಮಿನ್ ಎಂಬ ಕುಸ್ತಿ ವ್ಯವಸ್ಥಾಪಕರು. ಖರ್ಚು ಹಾಕಿದವರು ಬಂಗಾಳದ ಶ್ರೀಮಂತ ಶರತ್ ಕುಮಾರ್ ಮಿತ್ರ ಅವರು. ನಮ್ಮ ದೇಶ ಆಗ ಇಂಗ್ಲಿಷರ ಕೈಯಲ್ಲಿತ್ತು. ಆಳುವವರ ಊರಿಗೇ ಹೋಗಿ ಅವರ ಪೈಲ್ವಾನರನ್ನು ಕೆಡಹುವುದು ಎಂದರೆ ಅದು ಬರೀ ಆಟವಾಗಿರಲಿಲ್ಲ.

ಅಲ್ಲಿ ಮೊದಲ ಪೆಟ್ಟು ಅಖಾಡಕ್ಕೆ ಇಳಿಯುವ ಮೊದಲೇ ಬಿತ್ತು. ಎತ್ತರ ಸಾಲದು ಎಂದು ಗಾಮಾ ಅವರನ್ನು ಪಂದ್ಯಕ್ಕೇ ಸೇರಿಸಿಕೊಳ್ಳಲಿಲ್ಲ ಎಂಬುದು ಪ್ರಸಿದ್ಧವಾದ ಸಂಗತಿ. ಆಗ ಅವರು ತಾವೇ ಸವಾಲು ಹಾಕಿದರು. ಯಾವ ತೂಕದವರಾದರೂ ಸರಿ, ಮೂರು ಜನ ಬರಲಿ, ಅರ್ಧ ಗಂಟೆಯಲ್ಲಿ ಮೂವರನ್ನೂ ಕೆಡಹುತ್ತೇನೆ ಎಂದು ಪತ್ರಿಕೆಯ ಮೂಲಕ ಸಾರಿದರು. ಮೊದಮೊದಲು ಯಾರೂ ನಂಬಲಿಲ್ಲ, ಇದು ಹುಸಿ ಬೆದರಿಕೆ ಎಂದುಕೊಂಡರು. ಕೊನೆಗೆ ಅಮೆರಿಕದ ಬೆಂಜಮಿನ್ ರೋಲರ್ ಎಂಬುವರು ಒಪ್ಪಿಕೊಂಡರು. ವೃತ್ತಿಯಿಂದ ವೈದ್ಯರು, ಕುಸ್ತಿಯಲ್ಲೂ ದೊಡ್ಡ ಹೆಸರು. 1910ನೇ ಆಗಸ್ಟ್‌ನಲ್ಲಿ ಅಲ್ಹಾಂಬ್ರಾ ಎಂಬ ನಾಟಕಶಾಲೆಯಲ್ಲಿ ಪಂದ್ಯ ನಡೆಯಿತು. ಮೊದಲನೇ ಸುತ್ತಿನಲ್ಲಿ ಒಂದು ನಿಮಿಷ ನಲವತ್ತು ಸೆಕೆಂಡಿಗೇ ರೋಲರ್ ಚಿತ್. ಎರಡನೇ ಸುತ್ತಿನಲ್ಲಿ ಒಂಬತ್ತು ನಿಮಿಷ ಚಿಲ್ಲರೆ ತಡೆದರು, ಮತ್ತೆ ಚಿತ್.

ಮುಂದಿನ ತಿಂಗಳು ಅದೇ ನಾಟಕಶಾಲೆಯಲ್ಲಿ ತಮ್ಮನ ಸರದಿ. ಸ್ವಿಟ್ಜರ್ಲೆಂಡಿನ ಜಾನ್ ಲೆಮ್ ಎಂಬ ಹೆಸರಾಂತ ಪೈಲ್ವಾನರನ್ನು ಇಮಾಂ ಬಕ್ಷ್ ಕೆಲವೇ ನಿಮಿಷಗಳಲ್ಲಿ ಎರಡು ಸಲ ಕೆಡಹಿದರು. ನೋಡಿದವರು ಬೆರಗಾದರು. ದೊಡ್ಡವನು ಒಬ್ಬನೇ ಇದ್ದಾನೆ ಎಂದುಕೊಂಡಿದ್ದವರಿಗೆ ಚಿಕ್ಕವನೂ ಅದೇ ಅಚ್ಚಿನವನು ಎಂದು ಗೊತ್ತಾಯಿತು.

ಆಮೇಲೆ ಬಂತು ನಿಜವಾದ ಪರೀಕ್ಷೆ. ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೋ ಆ ಕಾಲದ ಯೂರೋಪಿನ ಬಹುದೊಡ್ಡ ಜಟ್ಟಿ. ತೂಕದಲ್ಲಿ ಗಾಮಾ ಅವರಿಗಿಂತ ಬಹಳ ಹೆಚ್ಚು. 1910ನೇ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಇಬ್ಬರೂ ಎದುರಾದರು. ಜಾನ್ ಬುಲ್ ಪತ್ರಿಕೆಯವರು 250 ಪೌಂಡ್ ಬಹುಮಾನ ಮತ್ತು ಜಗಜಟ್ಟಿಯ ನಡುಪಟ್ಟಿ ಇಟ್ಟಿದ್ದರು. ಶುರುವಾದ ಒಂದು ನಿಮಿಷದೊಳಗೆ ಗಾಮಾ ಅವರು ಜಿಬಿಸ್ಕೋ ಅವರನ್ನು ನೆಲಕ್ಕೆ ತಂದರು. ಅಲ್ಲಿಂದ ಮುಂದೆ ಆ ಮನುಷ್ಯ ಹೊಟ್ಟೆಯಡಿ ಮಾಡಿ ನೆಲಕ್ಕೆ ಅಂಟಿಕೊಂಡು ಬಿದ್ದುಕೊಂಡರು. ಏಳಲೂ ಇಲ್ಲ, ಹಿಡಿಯಲೂ ಬಿಡಲಿಲ್ಲ. ನೆಲದಲ್ಲಿ ಬೇರು ಬಿಟ್ಟ ಬೊಡ್ಡೆಯನ್ನು ಮಗುಚಲು ಹೋದ ಹಾಗೆ ಗಾಮಾ ಅವರು ಎರಡೂವರೆ ಗಂಟೆಗೂ ಮೀರಿ ಹೆಣಗಿದರು. ಕತ್ತಲಾಯಿತು, ಪಂದ್ಯ ಸಮ ಎಂದಾಯಿತು. ನೋಡಲು ಬಂದಿದ್ದ ಜನ ಬೇಸತ್ತು ಹೋದರು.

ಇನ್ನೊಂದು ವಾರಕ್ಕೆ, ಅಂದರೆ ಸೆಪ್ಟೆಂಬರ್ 17ಕ್ಕೆ, ಮತ್ತೆ ಪಂದ್ಯ ಗೊತ್ತಾಯಿತು. ಗಾಮಾ ಅವರು ಬಂದು ನಿಂತರು. ಜಿಬಿಸ್ಕೋ ಬರಲೇ ಇಲ್ಲ. ನಡುಪಟ್ಟಿ ಗಾಮಾ ಅವರಿಗೆ ಸೇರಿತು. ಆದರೆ ಎದುರಾಳಿ ಬಾರದೆ ಬಂದ ಗೆಲುವು ಗೆದ್ದವನಿಗೆ ತೃಪ್ತಿ ಕೊಡುವುದಿಲ್ಲ. ಆ ಲೆಕ್ಕ ಬಾಕಿ ಉಳಿಯಿತು. ಅಮೆರಿಕದ ಗಾಚ್, ರಷ್ಯಾದ ಕಡೆಯ ಹ್ಯಾಕೆನ್‌ಸ್ಮಿತ್ ಮುಂತಾದವರಿಗೂ ಗಾಮಾ ಅವರು ಸವಾಲು ಹಾಕಿದ್ದರು. ಅವರು ಯಾರೂ ಅಖಾಡಕ್ಕೆ ಬರಲಿಲ್ಲ.

ಬಾಗಿಲು ಕಾದ ತಮ್ಮ

ಊರಿಗೆ ಬಂದ ಮೇಲೆ ಅಲಹಾಬಾದಿನಲ್ಲಿ ರಹೀಂ ಬಕ್ಷ್ ಸುಲ್ತಾನಿವಾಲಾ ಅವರ ಜೊತೆ ಕೊನೆಯ ಕುಸ್ತಿ ನಡೆಯಿತು. ಬಹಳ ಹೊತ್ತು ನಡೆದ ಆ ಹೋರಾಟದಲ್ಲಿ ಗಾಮಾ ಅವರು ಗೆದ್ದು ರುಸ್ತುಂ-ಎ-ಹಿಂದ್ ಎಂಬ ಬಿರುದು ಪಡೆದರು. ತಮಗೆ ಸಿಕ್ಕ ಎದುರಾಳಿಗಳಲ್ಲೆಲ್ಲ ಗಟ್ಟಿಯಾದವರು ರಹೀಂ ಬಕ್ಷ್ ಅವರೇ ಎಂದು ಗಾಮಾ ಅವರು ಕೊನೆಯವರೆಗೂ ಒಪ್ಪಿಕೊಳ್ಳುತ್ತಿದ್ದರು. ಗೆದ್ದ ಮೇಲೂ ಸೋತವರ ದೊಡ್ಡತನ ಹೇಳುವುದು ಎಲ್ಲರಿಗೂ ಬರುವ ಗುಣ ಅಲ್ಲ.

ಇಲ್ಲಿಂದ ಮುಂದೆ ತಮ್ಮನ ಪಾತ್ರ ದೊಡ್ಡದಾಗುತ್ತದೆ. ಜಗಜಟ್ಟಿ ಎನಿಸಿಕೊಂಡವನ ಮೇಲೆ ಎಲ್ಲರ ಕಣ್ಣು. ಹೆಸರು ಮಾಡಬೇಕು ಎನ್ನುವ ಪ್ರತಿಯೊಬ್ಬ ತರುಣನೂ ಅವನ ಮೇಲೇ ಬೀಳಲು ಬರುತ್ತಾನೆ. ಬಂದವರ ಜೊತೆಗೆಲ್ಲ ಹಿಡಿಯುತ್ತಾ ಹೋದರೆ ಎಂಥ ಮೈಯೂ ಸವೆದು ಹೋಗುತ್ತದೆ. ಅದಕ್ಕೆ ಒಂದು ಕಟ್ಟಳೆ ಬೆಳೆಯಿತು. ಗಾಮಾ ಅವರ ಜೊತೆ ಕುಸ್ತಿ ಬೇಕು ಎನ್ನುವವನು ಮೊದಲು ಇಮಾಂ ಬಕ್ಷ್ ಅವರನ್ನು ಗೆದ್ದು ಬರಬೇಕು. ತಮ್ಮನನ್ನು ದಾಟಿದವನಿಗೆ ಮಾತ್ರ ಅಣ್ಣನ ಬಾಗಿಲು ತೆರೆಯುತ್ತದೆ. ಬಂದವರಲ್ಲಿ ಬಹುತೇಕ ಮಂದಿ ಆ ಬಾಗಿಲಲ್ಲೇ ಬಿದ್ದರು.

ಈ ಏರ್ಪಾಟಿನಲ್ಲಿ ತಮ್ಮನಿಗೆ ಆದ ನಷ್ಟವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಇಮಾಂ ಬಕ್ಷ್ ಸಾಮಾನ್ಯರಲ್ಲ. ಅವರಿಗೂ ರುಸ್ತುಂ-ಎ-ಹಿಂದ್ ಬಿರುದು ಬಂದಿತ್ತು. ಬೇರೆ ಮನೆಯಲ್ಲಿ ಹುಟ್ಟಿದ್ದರೆ ಅವರೇ ಜಗಜಟ್ಟಿ ಎಂದು ಮೆರೆಯಬಹುದಿತ್ತು. ಅಣ್ಣನಿಗೆ ಸವಾಲು ಹಾಕಿದ್ದರೆ ಏನಾಗುತ್ತಿತ್ತೋ. ಅವರು ಹಾಕಲಿಲ್ಲ. ಅಣ್ಣನ ಮೇಲೆ ಬರುವ ಪೆಟ್ಟನ್ನು ತಾವು ತಿಂದು, ಅಣ್ಣನ ಹೆಸರು ಕಾದರು. ನಮ್ಮ ಊರುಗಳಲ್ಲಿ ಒಂದು ಬದುವಿನ ಗೇಣು ಜಾಗಕ್ಕೆ ಅಣ್ಣತಮ್ಮಂದಿರು ಕೋರ್ಟು ಕಚೇರಿ ಅಲೆಯುವುದನ್ನು ನೋಡಿರುವ ನಮಗೆ ಇದು ಬಹಳ ದೊಡ್ಡ ಮಾತು ಅನ್ನಿಸುತ್ತದೆ.

ಪಟಿಯಾಲದ ಒಂದು ನಿಮಿಷ

ಲಂಡನ್ನಿನ ಬಾಕಿ ಲೆಕ್ಕ ತೀರಲು ಹದಿನೇಳು ವರ್ಷ ಬೇಕಾಯಿತು. ಈ ನಡುವೆ ಜಿಬಿಸ್ಕೋ ಸುಮ್ಮನೆ ಕೂತಿರಲಿಲ್ಲ. ಅಮೆರಿಕಕ್ಕೆ ಹೋಗಿ 1921ರಲ್ಲಿ ಒಂದು ಸಲ, 1925ರಲ್ಲಿ ಇನ್ನೊಂದು ಸಲ ವಿಶ್ವ ಚಾಂಪಿಯನ್ ಆಗಿದ್ದರು. ಅಂದರೆ ಅವರ ಕೈಯಲ್ಲೂ ಕಸುವು ಉಳಿದಿತ್ತು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರು ಕುಸ್ತಿಯ ಹುಚ್ಚು ಇದ್ದವರು, ಗಾಮಾ ಅವರಿಗೆ ಆಶ್ರಯ ಕೊಟ್ಟಿದ್ದವರು. ಅವರು ಜಿಬಿಸ್ಕೋ ಅವರನ್ನು ಇಂಡಿಯಾಕ್ಕೆ ಕರೆಸಿದರು. 1928ನೇ ಜನವರಿ ಕೊನೆಯಲ್ಲಿ ಪಟಿಯಾಲದಲ್ಲಿ ಪಂದ್ಯ. ಸಾವಿರಾರು ಜನ ಸೇರಿದ್ದರು. ಗಾಮಾ ಅವರಿಗೆ ಆಗ ಐವತ್ತು ಸಮೀಪಿಸಿತ್ತು, ಜಿಬಿಸ್ಕೋ ಅವರಿಗೂ ಅಷ್ಟೇ ಆಸುಪಾಸು.

ಈ ಸಲ ಮಣ್ಣು ನಮ್ಮದು, ಪದ್ಧತಿ ನಮ್ಮದು. ಹೊಟ್ಟೆಯಡಿ ಮಾಡಿ ಮಲಗಿ ತಪ್ಪಿಸಿಕೊಳ್ಳಲು ಸಮಯವೇ ಸಿಗಲಿಲ್ಲ. ಕೈ ಮಿಲಾಯಿಸಿದ ಒಂದು ನಿಮಿಷದೊಳಗೆ ಜಿಬಿಸ್ಕೋ ಬೆನ್ನು ನೆಲಕ್ಕೆ ತಾಗಿತ್ತು. ಲಂಡನ್ನಿನಲ್ಲಿ ಎರಡೂವರೆ ಗಂಟೆಗೆ ಆಗದ ಕೆಲಸ ಇಲ್ಲಿ ನಿಮಿಷದಲ್ಲಿ ಮುಗಿಯಿತು. ಸೋತ ಜಿಬಿಸ್ಕೋ ಗಾಮಾ ಅವರನ್ನು ಹುಲಿ ಎಂದು ಹೊಗಳಿದರಂತೆ. ಮುಂದಿನ ವರ್ಷ ಜೆಸ್ಸಿ ಪೀಟರ್‌ಸನ್ ಎಂಬ ಇನ್ನೊಬ್ಬ ಪರದೇಶದ ಪೈಲ್ವಾನರೂ ಒಂದೂವರೆ ನಿಮಿಷದಲ್ಲಿ ಸೋತರು. ಅದಾದ ಮೇಲೆ ಜಗಜಟ್ಟಿಯ ಎದುರು ನಿಲ್ಲಲು ಜೋಡಿಯೇ ಸಿಗದ ಸ್ಥಿತಿ. ಗಾಮಾ ಅವರು ಅಖಾಡಕ್ಕೆ ಅಧಿಕೃತವಾಗಿ ವಿದಾಯ ಹೇಳಿದ್ದು 1952ರಲ್ಲಿ. ಜೋಧಪುರದ ಬಸ್ಕಿಯಿಂದ ಲೆಕ್ಕ ಹಾಕಿದರೆ ಅರವತ್ತನಾಲ್ಕು ವರ್ಷ. ಇಷ್ಟು ಉದ್ದದ ಬಾಳಿನಲ್ಲಿ ಒಂದು ದೊಡ್ಡ ಕುಸ್ತಿಯಲ್ಲೂ ಅವರು ಸೋತ ದಾಖಲೆ ಇಲ್ಲ.

ಸೋಲು ಬೇರೆ ಕಡೆಯಿಂದ ಬಂತು

ಅಖಾಡದಲ್ಲಿ ಯಾರೂ ಸೋಲಿಸದ ಮನುಷ್ಯನನ್ನು ಕಾಲ ಸೋಲಿಸಿತು. 1947ರಲ್ಲಿ ದೇಶ ಎರಡಾಯಿತು. ಗಾಮಾ ಅವರು ಲಾಹೋರಿನಲ್ಲಿ ನೆಲೆಸಿದ್ದರು. ಆ ಗಲಭೆಯ ದಿವಸಗಳಲ್ಲಿ ಅವರು ವಾಸವಿದ್ದ ಮೋಹಿನಿ ರಸ್ತೆಯ ಹಿಂದೂ ಕುಟುಂಬಗಳ ಮೇಲೆ ಗುಂಪೊಂದು ಏರಿ ಬಂದಾಗ, ಎಪ್ಪತ್ತರ ಅಂಚಿನಲ್ಲಿದ್ದ ಈ ಮುದುಕರು ತಮ್ಮ ಶಿಷ್ಯರನ್ನು ಕಟ್ಟಿಕೊಂಡು ಬೀದಿಗೆ ಅಡ್ಡ ನಿಂತರು, ಮುಂದೆ ಬಂದವನೊಬ್ಬನಿಗೆ ಒಂದೇ ಏಟು ಕೊಟ್ಟು ಗುಂಪನ್ನು ಚದುರಿಸಿದರು, ಆಮೇಲೆ ತಮ್ಮ ಖರ್ಚಿನಲ್ಲೇ ದಿನಸಿ ಕೊಡಿಸಿ ಆ ಕುಟುಂಬಗಳನ್ನು ಗಡಿಯವರೆಗೆ ಕಳಿಸಿಕೊಟ್ಟರು ಎಂದು ಹೇಳುತ್ತಾರೆ. ಅವರು ಗೆದ್ದ ಕುಸ್ತಿಗಳಲ್ಲೆಲ್ಲ ದೊಡ್ಡದು ಯಾವುದು ಎಂದು ಕೇಳಿದರೆ ನಾವು ಇದನ್ನೇ ಹೇಳುತ್ತೇವೆ.

ದೇಶ ಒಡೆದದ್ದರ ಜೊತೆಗೆ ಸಂಸ್ಥಾನಗಳೂ ಹೋದವು. ಪಟಿಯಾಲ, ದತಿಯಾ ಎಲ್ಲ ಗಡಿಯ ಈಚೆ ಉಳಿದವು. ಹಾಲು, ತುಪ್ಪ, ಬಾದಾಮಿ ಕೊಡುತ್ತಿದ್ದ ಅರಮನೆಗಳ ಬಾಗಿಲು ಮುಚ್ಚಿತು. ಆನೆಯನ್ನು ಸಾಕಿದವರು ಹೋದರು, ಆನೆ ಉಳಿಯಿತು. ಮೈಗೆ ಕಾಯಿಲೆಗಳು ಅಂಟಿಕೊಂಡವು. ಔಷಧಿಗೂ ಯೋಚಿಸುವ ಕಾಲ ಬಂತು. ಪಾಕಿಸ್ತಾನ ಸರ್ಕಾರ ಸ್ವಲ್ಪ ನೆರವು ಕೊಟ್ಟಿತು. ಇತ್ತ ಭಾರತದಿಂದ, ಕುಸ್ತಿಯ ಅಭಿಮಾನಿಯಾಗಿದ್ದ ಉದ್ಯಮಿ ಜಿ.ಡಿ. ಬಿರ್ಲಾ ಅವರು 2000 ರೂಪಾಯಿ ಕಳಿಸಿ, ತಿಂಗಳಿಗೆ 300 ರೂಪಾಯಿಯಂತೆ ಮಾಸಾಶನ ಗೊತ್ತು ಮಾಡಿದರು. ಗಡಿಯಲ್ಲಿ ಬೇಲಿ ಬಿದ್ದಿದ್ದರೂ ಪೈಲ್ವಾನನ ಮೇಲಿನ ಪ್ರೀತಿಗೆ ಬೇಲಿ ಬಿದ್ದಿರಲಿಲ್ಲ. 1960ನೇ ಮೇ 23ರಂದು ಲಾಹೋರಿನಲ್ಲಿ ಗಾಮಾ ಅವರು ಕಣ್ಣು ಮುಚ್ಚಿದರು. ಅವರಿಗೆ ಎಂಬತ್ತೆರಡು ವರ್ಷ ಆಗಿತ್ತು.

ತಮ್ಮ ಇಮಾಂ ಬಕ್ಷ್ ಅದಾದ ಮೇಲೂ ಬಹಳ ವರ್ಷ ಬದುಕಿದ್ದರು. ಅವರ ಮಕ್ಕಳನ್ನು ಗಾಮಾ ಅವರೂ ಸೇರಿ ತಯಾರು ಮಾಡಿದ್ದರು. ಭೋಲು, ಅಸ್ಲಂ, ಅಕ್ರಂ, ಆಜಂ, ಗೋಗಾ ಎಂಬ ಈ ಮಕ್ಕಳು ಭೋಲು ಸಹೋದರರು ಎಂದೇ ಹೆಸರಾದರು. ಮಣ್ಣಿನ ಅಖಾಡದಿಂದ ಹಗ್ಗ ಕಟ್ಟಿದ ರಿಂಗಿಗೆ ಬಂದ ತಲೆಮಾರು ಇದು. 1976ರಲ್ಲಿ ಕರಾಚಿಯಲ್ಲಿ ಅಕ್ರಂ ಅವರು ಜಪಾನಿನ ಆಂಟೋನಿಯೋ ಇನೋಕಿ ಎದುರು ತೋಳಿಗೆ ಏಟಾಗಿ ಸೋತರು. 1979ರಲ್ಲಿ ಅಸ್ಲಂ ಅವರ ಮಗ, ಇನ್ನೂ ಹುಡುಗನಾಗಿದ್ದ ಝಾರಾ, ಲಾಹೋರಿನಲ್ಲಿ ಅದೇ ಇನೋಕಿಯ ಎದುರು ಸಮಸಮ ನಿಂತಾಗ ಇನೋಕಿಯೇ ಹುಡುಗನ ಕೈ ಎತ್ತಿ ಹಿಡಿದರು. ಇತ್ತ ಭಾರತದಲ್ಲಿ ದಾರಾಸಿಂಗ್, ರಾಂಧವಾ ಎಂಬ ಅಣ್ಣತಮ್ಮಂದಿರು ರಿಂಗಿನಲ್ಲೂ ಸಿನಿಮಾದಲ್ಲೂ ಮೆರೆದದ್ದು ನಮ್ಮ ತಲೆಮಾರಿಗೆ ಚೆನ್ನಾಗಿ ಗೊತ್ತು. ಗಾಮಾ ಅವರ ಸಾಮಿನ ಕ್ರಮವನ್ನು ಓದಿ ಹಾಂಗ್‌ಕಾಂಗಿನ ಸಿನಿಮಾ ನಟ ಬ್ರೂಸ್ ಲೀ ಕೂಡಾ ತಮ್ಮ ಅಭ್ಯಾಸಕ್ಕೆ ತೆಗೆದುಕೊಂಡಿದ್ದರು.

ಕೊನೆಯ ಮಾತು

ಗಾಮಾ ಅವರು ವಿದಾಯ ಹೇಳಿದ 1952ರಲ್ಲೇ ಇನ್ನೊಂದು ಘಟನೆ ನಡೆಯಿತು. ಅದನ್ನು ಹೇಳಿ ಮುಗಿಸುತ್ತೇವೆ. ಮಹಾರಾಷ್ಟ್ರದ ಕರಾಡ್ ಹತ್ತಿರ ಗೋಳೇಶ್ವರ ಎಂಬ ಚಿಕ್ಕ ಊರಿನ ಖಾಶಾಬಾ ಜಾಧವ್ ಎಂಬ ಪೈಲ್ವಾನರು ಆ ವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಬೇಕಿತ್ತು. ಹೋಗಲು ದುಡ್ಡಿಲ್ಲ. ಬೆನ್ನಿಗೆ ಮಹಾರಾಜರೂ ಇಲ್ಲ. ಊರಿನವರು ಕೈಲಾದಷ್ಟು ಕೂಡಿಸಿ ಕೊಟ್ಟರು. ಅವರಿಗೆ ಪಾಠ ಹೇಳಿದ್ದ ಕಾಲೇಜಿನ ಪ್ರಿನ್ಸಿಪಾಲರು ತಮ್ಮ ಮನೆಯನ್ನೇ ಅಡವಿಟ್ಟು 7000 ರೂಪಾಯಿ ಹೊಂದಿಸಿದರು. ಜಾಧವ್ ಅವರು ಕಂಚಿನ ಪದಕ ಗೆದ್ದು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಟಗಾರ ತಂದ ಮೊದಲ ಒಲಿಂಪಿಕ್ ಪದಕ ಅದು. ಅವರನ್ನು ಎದುರುಗೊಳ್ಳಲು ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳು ಸಾಲು ಕಟ್ಟಿದ್ದವು.

ಗಾಮಾ ಅವರ ಬೆನ್ನಿಗೆ ಅರಮನೆ ಇತ್ತು. ಅರಮನೆ ಹೋದ ಮೇಲೆ ಜಗಜಟ್ಟಿಯೂ ಔಷಧಿಗೆ ಕಷ್ಟಪಟ್ಟರು. ಜಾಧವ್ ಅವರ ಬೆನ್ನಿಗೆ ಇದ್ದದ್ದು ಚಿಲ್ಲರೆ ಕಾಸು ಕೂಡಿಸಿದ ಜನ. ಅವರಿಗೂ ಮುಂದೆ ಸಲ್ಲಬೇಕಾದ ಗೌರವ ಬೇಗ ಸಲ್ಲಲಿಲ್ಲ, 1984ರಲ್ಲಿ ಅಪಘಾತದಲ್ಲಿ ತೀರಿಕೊಂಡ ಎಷ್ಟೋ ವರ್ಷದ ಮೇಲೆ ಅರ್ಜುನ ಪ್ರಶಸ್ತಿ ಬಂತು. ಅಖಾಡದಲ್ಲಿ ಕುಸ್ತಿ ಹಿಡಿಯುವವನು ಒಬ್ಬನೇ, ನಿಜ. ಆದರೆ ಅವನನ್ನು ಅಲ್ಲಿಯವರೆಗೆ ಎತ್ತಿ ತರುವವರು, ಅವನು ಮುದುಕನಾದಾಗ ಹಿಡಿದುಕೊಳ್ಳುವವರು ಬೇರೆ ಇರಬೇಕು. ಗೆದ್ದಾಗ ಹಾರ ಹಾಕಲು ಎಲ್ಲರೂ ಬರುತ್ತಾರೆ. ಬಾಗಿಲಲ್ಲಿ ನಿಂತು ಮೊದಲ ಪೆಟ್ಟು ತಿನ್ನುವ ತಮ್ಮ ಒಬ್ಬನಾದರೂ ಇರಬೇಕು.

ನಮ್ಮ ಊರಿನ ಹುಡುಗರಲ್ಲೂ ತೋಳಿನಲ್ಲಿ ಕಸುವು ಇರುವವರು, ಓಟದಲ್ಲಿ ಮುಂದಿರುವವರು, ಓದಿನಲ್ಲಿ ಜಾಣರು ಇದ್ದಾರೆ. ಯಾವ ಮಹಾರಾಜರೂ ಇನ್ನು ಬರುವುದಿಲ್ಲ. ಇಮಾಂ ಬಕ್ಷ್ ಆಗಿ ಅವರ ಬೆನ್ನಿಗೆ ನಿಲ್ಲಬೇಕಾದವರು ನಾವೇ.